ಐದೆಳೆಯ ಪೈನ್

ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋಗೆ ಬಂದ ಹೊಸತರಲ್ಲಿ ನನಗೆ ಎಲ್ಲ ಪೈನ್ ಮರಗಳೂ ಒಂದೇ ಥರ ಕಾಣುತ್ತಿದ್ದವು. ನಮ್ಮ ಕಾರವಾರದ ಕಡಲ ದಂಡೆಯ ಗಾಳಿಮರವೂ ಪೈನೇ ಅಂದುಕೊಂಡಿದ್ದೆ. ನೋಡೋಕೆ ಹಾಗೇ ಇರುತ್ತೆ, ಅಲ್ವಾ?

ದಿನಾ ವಾಕಿಂಗ್‌ಗೆ ಸಿಗುವ ಪಕ್ಕದ ಮನೆಯ ಅಜ್ಜಿ ಒಂದೇ ಮಾತು ಹೇಳಿಕೊಟ್ಟರು: "ಮರ ನೋಡಬೇಡ, ಎಲೆ ಎಣಿಸು." ಪೈನ್ ಎಲೆಗಳು ಸೂಜಿಯ ಹಾಗೆ, ಗೊಂಚಲು ಗೊಂಚಲಾಗಿ ಬರುತ್ತವೆ. ಬುಡದಲ್ಲಿ ಒಂದು ತೆಳು ಪೊರೆ ಅವನ್ನು ಕಟ್ಟಿ ಹಿಡಿದಿರುತ್ತದೆ. ನಮ್ಮ ಬೀದಿಯ ಎತ್ತರದ ಮರದ ಕೆಳಗೆ ಬಿದ್ದಿದ್ದ ಗೊಂಚಲು ಬಿಡಿಸಿದೆ. ಮೂರು ಎಳೆ. ಅದು ಕ್ಯಾನರಿ ದ್ವೀಪಗಳಿಂದ ತಂದು ನೆಟ್ಟ ಪೈನ್.

ಆಮೇಲೆ ಡೆಲ್ ಮಾರ್ ಹತ್ತಿರದ ಕಡಲ ಬಂಡೆಗಳ ಮೇಲಿನ ಕಾಡಿಗೆ ಹೋದೆವು. ಅಲ್ಲಿ ಐದು ಎಳೆ! ಬೂದು ಹಸಿರು ಬಣ್ಣ, ಒರಟು, ಗೇಣಿಗಿಂತಲೂ ಉದ್ದ. ಇದೇ ಟೋರಿ ಪೈನ್. 1850ರಲ್ಲಿ ಸಸ್ಯಶಾಸ್ತ್ರಜ್ಞ ಚಾರ್ಲ್ಸ್ ಪ್ಯಾರಿ ಇದನ್ನು ಗುರುತಿಸಿ, ತನ್ನ ಗುರು ಜಾನ್ ಟೋರಿಯ ಹೆಸರಿಟ್ಟರು. ಇಡೀ ಜಗತ್ತಿನಲ್ಲಿ ಇದು ತಾನಾಗಿ ಬೆಳೆಯುವುದು ಎರಡೇ ಕಡೆ: ಈ ಕರಾವಳಿಯ ತುಣುಕಿನಲ್ಲಿ, ಮತ್ತೆ ಸುಮಾರು 280 ಕಿ.ಮೀ. ಆಚೆಯ ಸಾಂಟಾ ರೋಸಾ ದ್ವೀಪದಲ್ಲಿ. ಅಷ್ಟೇ. ಅದನ್ನು ಕೇಳಿದ ಮೇಲೆ ಆ ಮರವನ್ನು ಸುಮ್ನೆ ದಾಟಿ ಹೋಗೋಕೆ ಮನಸ್ಸೇ ಬರಲಿಲ್ಲ.

ಇಲ್ಲಿ ವರ್ಷವಿಡೀ ಬೀಳುವ ಮಳೆ 250 ಮಿ.ಮೀ. ಆಸುಪಾಸು. ಕಾರವಾರದಲ್ಲಿ ಜುಲೈ ಒಂದರಲ್ಲೇ ಅದರ ಮೂರು ಪಟ್ಟಿಗಿಂತ ಜಾಸ್ತಿ ಸುರಿಯುತ್ತದೆ. ಹಾಗಾದರೆ ಈ ಮರಕ್ಕೆ ನೀರೆಲ್ಲಿಂದ? ಜೂನ್ ತಿಂಗಳ ಒಂದು ಬೆಳಿಗ್ಗೆ ಹೋದಾಗ ಕಣ್ಣಾರೆ ಕಂಡೆ. ಕಡಲಿಂದ ಮಂಜು ಬಂದು ಉದ್ದ ಸೂಜಿಗಳಿಗೆ ಹನಿಹನಿಯಾಗಿ ಹತ್ತುತ್ತದೆ, ತುದಿಗೆ ಜಾರಿ ಟಪ್ ಟಪ್ ಅಂತ ಬುಡಕ್ಕೆ ಬೀಳುತ್ತದೆ. ಮರದಡಿಯ ಮಣ್ಣು ಒದ್ದೆ, ಎರಡು ಹೆಜ್ಜೆ ಆಚೆ ಒಣ ಧೂಳು. ಬರ ಬಂದು ಸೊರಗಿದ ಮರಗಳಿಗೆ ತೊಗಟೆ ಕೊರೆಯುವ ದುಂಬಿ ಬೀಳುತ್ತದೆ. ಒಣಗಿ ನಿಂತವನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅಲ್ಲಿ ಬಿದ್ದ ಕಾಯಿಯನ್ನೂ ಎತ್ತಿ ತರುವ ಹಾಗಿಲ್ಲ. ಆ ನಿಯಮ ಸರಿಯಾದದ್ದೇ.

ಕಳೆದ ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಮಗಳು ಕಾರವಾರದ ಗಾಳಿಮರದ ಕೆಳಗೆ ಕೂತು ಎಳೆ ಎಣಿಸೋಕೆ ಶುರು ಮಾಡಿದಳು. ಇದು ಪೈನ್ ಅಲ್ಲ, ಈ ಹಸಿರು ಕಡ್ಡಿ ಎಲೆಯೂ ಅಲ್ಲ, ಸಣ್ಣ ರೆಂಬೆ ಅಂತ ಹೇಳಿ ಅದರ ಗಂಟುಗಳನ್ನು ತೋರಿಸಿದೆ. ಚಿಕ್ಕಂದಿನಲ್ಲಿ ನಾವು ಆಡುತ್ತಿದ್ದ ಹಾಗೆ, ಒಂದು ಗಂಟಿನಲ್ಲಿ ಕಿತ್ತು ಮತ್ತೆ ಸೇರಿಸಿ, "ಎಲ್ಲಿ ಮುರಿದಿದೆ ಹೇಳು" ಅಂತ ಕೈಗೆ ಕೊಟ್ಟೆ. ಮೂರನೇ ಸಲಕ್ಕೆ ಸರಿಯಾಗಿ ಹೇಳಿದಳು.