ಫಾಂತಾಂ-ಲತೂರ್ ಹೂಗಳನ್ನು ಹುಡುಕಿಕೊಂಡು: ಪ್ಯಾರಿಸ್, ಗ್ರೆನೋಬಲ್, ಲಿಯಾನ್

ಫ್ರೆಂಚ್ ಚಿತ್ರಕಾರ ಆನ್ರಿ ಫಾಂತಾಂ-ಲತೂರ್ (1836–1904) ಬರೆದ ಗುಲಾಬಿಗಳನ್ನು ನೋಡಲೆಂದೇ ಫ್ರಾನ್ಸಿಗೆ ಹೊರಡುವವರು ಪ್ಯಾರಿಸ್ ಒಂದನ್ನೇ ನಂಬಬಾರದು. ಎಡ್ವಿನ್ ಎಡ್ವರ್ಡ್ಸ್ ಮತ್ತು ರೂತ್ ದಂಪತಿ ಈ ಹೂವಿನ ಚಿತ್ರಗಳನ್ನು ಇಂಗ್ಲೆಂಡಿನಲ್ಲಿ ಮಾರಿಸುತ್ತಿದ್ದರು. ಹಾಗಾಗಿ ಬಹಳಷ್ಟು ಚಿತ್ರಗಳು ಕಡಲು ದಾಟಿ ಹೋದವು.

ಹೊರಡುವ ದಿನವನ್ನು ರಜೆಗಳನ್ನು ನೋಡಿಯೇ ಗೊತ್ತುಮಾಡಿ. ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂಗೆ ಸೋಮವಾರ ರಜೆ, ಗ್ರೆನೋಬಲ್ ಮತ್ತು ಲಿಯಾನ್ ಮ್ಯೂಸಿಯಂಗಳಿಗೆ ಮಂಗಳವಾರ. ಗುರುವಾರ ಓರ್ಸೆ ರಾತ್ರಿ 9.45ರವರೆಗೆ ತೆರೆದಿರುವುದರಿಂದ ಅಂದು ಸಂಜೆ ಹೋಗುವುದು ಲೇಸು. ಮರುದಿನ ರೈಲು ಹಿಡಿದರೆ ವಾರಾಂತ್ಯದಲ್ಲಿ ಉಳಿದೆರಡೂ ಊರು ಮುಗಿಯುತ್ತವೆ. ಸೂಟ್‌ಕೇಸ್ ಹೋಟೆಲಿನಲ್ಲೇ ಇರಲಿ, ಓರ್ಸೆಯೊಳಗೆ ಬಿಡುವುದಿಲ್ಲ. ಇಲ್ಲಿ ಫಾಂತಾಂ ಅವರ ದೊಡ್ಡ ಗುಂಪು ಭಾವಚಿತ್ರಗಳದೇ ಮೇಲುಗೈ. ಅವುಗಳಲ್ಲಿ ಕವಿಗಳ ಗುಂಪನ್ನು ತೋರಿಸುವ 1872ರ ‘ಕ್ವಾಂ ದ ತಾಬ್ಲ್’ (ಮೇಜಿನ ಮೂಲೆ) ಚಿತ್ರದ ಬಲ ಅಂಚನ್ನು ಮಾತ್ರ ತಪ್ಪದೆ ನೋಡಿ: ಕವಿ ಆಲ್ಬೇರ್ ಮೆರಾ ಕೂರಲು ಒಪ್ಪದ ಜಾಗವನ್ನು ಹೂಗಳು ತುಂಬಿವೆ.

ಪ್ಯಾರಿಸ್ಸಿನ ಗಾರ್ ದ ಲಿಯಾನ್ ನಿಲ್ದಾಣದಿಂದ ಗ್ರೆನೋಬಲ್‌ಗೆ ನೇರ ಟಿಜಿವಿಯಲ್ಲಿ (ಅತಿವೇಗದ ರೈಲು) ಸುಮಾರು 3 ಗಂಟೆ. ಟಿಕೆಟ್ ಬೇಗ ಕಾದಿರಿಸಿ, ದಿನ ಹತ್ತಿರವಾದಂತೆ ದರ ಏರುತ್ತದೆ. ರೈಲು ಹೊರಡುವ 2 ನಿಮಿಷ ಮೊದಲೇ ಬಾಗಿಲು ಮುಚ್ಚುತ್ತಾರೆ. ಗ್ರೆನೋಬಲ್ ನಿಲ್ದಾಣದೆದುರು ಬಿ ಟ್ರಾಮ್ ಹತ್ತಿ ‘ನೋತ್ರ್‌ದಾಮ್–ಮ್ಯೂಜೆ’ಯಲ್ಲಿ ಇಳಿಯಿರಿ. ಇದು ಫಾಂತಾಂ ಹುಟ್ಟಿದ ಊರು. ತಾವೂ ಹೂವಿನ ಚಿತ್ರಗಾರ್ತಿಯಾಗಿದ್ದ ವಿಕ್ಟೋರಿಯಾ ದ್ಯುಬೂರ್ ಅವರಿಗೆ, ತಮ್ಮಿಬ್ಬರ ಮದುವೆಗೆ ಮುನ್ನ, ಫಾಂತಾಂ ಕೊಟ್ಟ 1869ರ ಚಿತ್ರ ಇಲ್ಲಿದೆ. ಈ ಪ್ರಯಾಣದಲ್ಲಿ ಒಂದೇ ಚಿತ್ರಕ್ಕೆ ಅರ್ಧ ಗಂಟೆ ಕೊಡುವುದಾದರೆ ಇದಕ್ಕೇ ಕೊಡಿ. ಮೊದಲು ದೂರ ನಿಂತು ಬೂದು-ಕಂದು ಹಿನ್ನೆಲೆ ನೋಡಿ, ಆಮೇಲೆ ಹತ್ತಿರ ಹೋಗಿ. ಬರಿಗೋಡೆಯಂತೆ ಕಂಡದ್ದರಲ್ಲಿ ಎಷ್ಟು ಛಾಯೆಗಳಿವೆಯೆಂದು ಆಗ ತಿಳಿಯುತ್ತದೆ. ಎಸಳುಗಳಿಗೆ ಹೊಳಪು ಬರುವುದು ಅದರಿಂದಲೇ. ಯಾವುದೇ ಚಿತ್ರ ಎರವಲು ಹೋಗಿರಬಹುದು ಅಥವಾ ಉಗ್ರಾಣ ಸೇರಿರಬಹುದು. ಆದ್ದರಿಂದ ಹೊರಡುವ ಮುನ್ನ ಮ್ಯೂಸಿಯಂಗೆ ಇಮೇಲ್ ಬರೆದು ಕೇಳಿ.

ಅಲ್ಲಿಂದ ಲಿಯಾನ್‌ಗೆ ಪ್ರಾದೇಶಿಕ ರೈಲಿನಲ್ಲಿ ಒಂದೂವರೆ ಗಂಟೆ. ಪಾರ್‌ದಿಯೂ ನಿಲ್ದಾಣದಿಂದ ಬಿ ಮೆಟ್ರೋ, ಶಾರ್ಪೆನ್‌ನಲ್ಲಿ ಎ ಮಾರ್ಗಕ್ಕೆ ಬದಲಿಸಿ, ಮ್ಯೂಸಿಯಂಗೆ ‘ಒತೆಲ್ ದ ವಿಲ್’ನಲ್ಲಿ ಇಳಿಯಿರಿ. ರೇಷ್ಮೆಯ ಈ ಊರಿನಲ್ಲಿ ನೇಯ್ಗೆಯ ವಿನ್ಯಾಸಗಾರರಿಗಾಗಿ ಕಲಾಶಾಲೆಯಲ್ಲಿ ಹೂ ಬರೆಯುವ ತರಗತಿಯೇ ಇತ್ತು. ಆಂತ್ವಾನ್ ಬೆರ್ಜೋನ್ ಅಲ್ಲಿ ಕಲಿಸಿದವರು. ಬೆರ್ಜೋನ್, ಸಿಮೋನ್ ಸೇಂ-ಜಾನ್ ಅವರ ಒಂದೊಂದು ಎಸಳೂ ತಿದ್ದಿ ತೀಡಿದ ಹೂಗಳನ್ನು ನೋಡಿದ ಮೇಲೆ ಫಾಂತಾಂ ಎಷ್ಟನ್ನು ಬಿಟ್ಟು ಬರೆದರೆಂಬುದು ಸ್ಪಷ್ಟವಾಗುತ್ತದೆ.

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ 1886ರ ‘ದ ರೋಜಿ ವೆಲ್ತ್ ಆಫ್ ಜೂನ್’ ಕೂಡ ಪಟ್ಟಿಯಲ್ಲಿದ್ದರೆ, ಭಾರತೀಯ ಪಾಸ್‌ಪೋರ್ಟಿನವರಿಗೆ ಬ್ರಿಟನ್ ವೀಸಾ ಬೇರೆಯೇ ಬೇಕು. ಲಂಡನ್ನಿನಿಂದ ಮತ್ತೆ ಪ್ಯಾರಿಸ್ಸಿಗೆ ಮರಳುವವರು ಷೆಂಗೆನ್ (ಫ್ರಾನ್ಸ್ ಸೇರಿದ ಯುರೋಪಿನ ವಲಯದ) ವೀಸಾ ಅರ್ಜಿಯಲ್ಲಿ ಒಂದಕ್ಕಿಂತ ಹೆಚ್ಚು ಪ್ರವೇಶ ಕೇಳಿಕೊಳ್ಳಬೇಕು.