ಬಂಪರ್‌ಗೆ ಕಲಾಯಿ

ಮಗಳ ಹುಟ್ಟುಹಬ್ಬಕ್ಕೆ ತಂದು ಮಿಕ್ಕಿದ್ದ ಪ್ಲಾಸ್ಟಿಕ್ ಚಮಚಗಳೆಲ್ಲ ಈಗ ಕಪ್ಪು. ಥರ್ಮಾಕೋಲ್‌ಗೆ ಚುಚ್ಚಿ ಬಾಲ್ಕನಿಯಲ್ಲಿ ಸಾಲಾಗಿ ನಿಲ್ಲಿಸಿದ್ದೇನೆ. "ಯಾರಿಗ್ರೀ ಮಾಟ ಮಾಡ್ತಿದ್ದೀರಾ?" ಅಂತ ಹೆಂಡತಿ ಕೇಳಿದಳು. ಮಾಟ ಅಲ್ಲ ಮಾರಾಯ್ತಿ, ಬಂಪರ್‌ಗೆ ಕಲಾಯಿ!

ಕೈಯಲ್ಲಿರುವುದು ಪುಟ್ಟ ಪ್ಲಾಸ್ಟಿಕ್ ಕಾರು ಜೋಡಿಸುವ ರೆವೆಲ್ ಕಂಪನಿಯ ಕಿಟ್, 1957ರ ಷೆವ್ರೊಲೆ ಬೆಲ್ ಏರ್, 1:25 ಅಳತೆಯದು. ಆ ಕಾಲದ ಅಮೆರಿಕದ ಕಾರುಗಳಿಗೆ ಕ್ರೋಮ್ ಅಂದರೆ ನಮ್ಮ ಮದುವೆ ಊಟದ ತುಪ್ಪ, ಸಾಕು ಅನ್ನುವವರೆಗೂ ಬಡಿಸಿದ್ದಾರೆ. ಕಿಟ್‌ನಲ್ಲೇ ಕ್ರೋಮ್ ಆದ ಭಾಗಗಳು ಬರುತ್ತವೆ. ನಿರ್ವಾತದಲ್ಲಿ ಅಲ್ಯೂಮಿನಿಯಂ ಅನ್ನು ಆವಿ ಮಾಡಿ ಪ್ಲಾಸ್ಟಿಕ್ ಮೇಲೆ ಕೂರಿಸಿದ್ದು ಅದು. ಮತ್ಯಾಕೆ ಈ ತಲೆನೋವು? ಸ್ಪ್ರೂದಿಂದ (ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಕತ್ತರಿಸಿದ ಜಾಗದಲ್ಲೆಲ್ಲ ಒಳಗಿನ ಪ್ಲಾಸ್ಟಿಕ್ ಹಲ್ಲು ಕಿರಿಯುತ್ತದೆ. ಅಚ್ಚಿನ ಎರಡು ಹೋಳು ಕೂಡುವಲ್ಲಿ ಎದ್ದ ಗೆರೆ ಬಂಪರಿನ ಉದ್ದಕ್ಕೂ ಉಳಿದು, ಅದೂ ಫಳಫಳ ಅನ್ನುತ್ತದೆ. ಗೆರೆ ಉಜ್ಜಬೇಕಾದರೆ ಕ್ರೋಮ್ ಹೋಗಲೇಬೇಕು.

ಬಟ್ಟೆಗೆ ಹಾಕುವ ಬ್ಲೀಚ್‌ನಲ್ಲಿ ನೆನೆಹಾಕಿದೆ, ಅಲ್ಯೂಮಿನಿಯಂ ಕರಗಿಹೋಯಿತು. (ಟಾಯ್ಲೆಟ್ ತೊಳೆಯುವ ಆಸಿಡ್ ಅದರ ಹತ್ತಿರ ಸುಳಿಯಬಾರದು. ಎರಡೂ ಸೇರಿದರೆ ಬರುವುದು ಕ್ಲೋರಿನ್ ಅನಿಲ.) ಗೆರೆಯನ್ನು 1000, ಆಮೇಲೆ 2000 ನಂಬರ್ ಸ್ಯಾಂಡ್ ಪೇಪರಿನಲ್ಲಿ ನೀರು ಹಾಕಿಕೊಂಡು ತಿಕ್ಕಿದೆ.

ಬಣ್ಣ ಹಚ್ಚುವ ಮೊದಲು ನಮ್ಮ ಬೀದಿ ತುದಿಯಲ್ಲಿ ನಿಂತಿರುವ ಹಳೇ ಅಂಬಾಸಿಡರ್ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತೆ. ಬಂಪರಿನ ಮೇಲರ್ಧದಲ್ಲಿ ಆಕಾಶ, ಕೆಳಗರ್ಧದಲ್ಲಿ ಟಾರು ರಸ್ತೆ, ನಡುವೆ ಎದುರುಮನೆ ಕಾಂಪೌಂಡು ಸಪೂರವಾದ ಕಪ್ಪು ಪಟ್ಟಿಯಾಗಿ ಎಳೆದುಕೊಂಡಿತ್ತು. ಅದರಲ್ಲಿ ನನ್ನ ತಲೆಯೂ ಒಂದು ಕಪ್ಪು ಚುಕ್ಕೆ. ಬೆಳ್ಳಿ ಬಣ್ಣ ಅನ್ನುವುದು ಎಲ್ಲೂ ಇರಲಿಲ್ಲ. ಇಷ್ಟು ವರ್ಷ ಡಬ್ಬಿ ಡಬ್ಬಿ ಸಿಲ್ವರ್ ಬಳಿದಿದ್ದೆಲ್ಲ ದಂಡ.

ಅದಕ್ಕೇ ಪ್ರಯೋಗಕ್ಕೆ ಈ ಕಪ್ಪು ಚಮಚಗಳು. ಆಲ್‌ಕ್ಲಾಡ್ ಅನ್ನುವ ಕ್ರೋಮ್ ಲ್ಯಾಕರ್ ಪದರ ಎಷ್ಟು ತೆಳು ಅಂದರೆ ಬೆಳಕು ಅದನ್ನು ದಾಟಿ ಅಡಿಗೆ ಹೋಗುತ್ತದೆ. ಅಡಿಯಲ್ಲಿ ಬಿಳಿ ಇದ್ದರೆ ಅದು ವಾಪಸ್ ಬಂದು ಎಲ್ಲ ಬೂದಿ ಬೂದಿ. ಕಪ್ಪಿದ್ದರೆ ನುಂಗಿಕೊಳ್ಳುತ್ತದೆ, ಕನ್ನಡಿ ಮಾತ್ರ ಮೇಲೆ ಉಳಿಯುತ್ತದೆ. ಆದರೆ ಆ ಕಪ್ಪು ಗಾಜಿನಷ್ಟು ನುಣುಪಾಗಿರಬೇಕು. ಟ್ಯೂಬ್‌ಲೈಟ್‌ ಪ್ರತಿಬಿಂಬದ ಅಂಚು ಚೂರೂ ಅಲುಗದೆ ಕಾಣಬೇಕು. ಹೊಳಪಿನ ಕಪ್ಪು ಎನಾಮೆಲ್ ಹೊಡೆದು, ಧೂಳು ಕೂರದಂತೆ ಸ್ವೀಟ್ ಡಬ್ಬ ಮುಚ್ಚಿ, ಎರಡು ದಿನ ಮುಟ್ಟದೆ ಬಿಟ್ಟೆ.

ಕ್ರೋಮ್‌ಗೆ ಏರ್‌ಬ್ರಶ್ (ಗಾಳಿಯಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ) ಒತ್ತಡ 12ರಿಂದ 15 ಪಿಎಸ್‌ಐ ಸಾಕು. ನಾಲ್ಕು ಬೆರಳು ದೂರದಿಂದ, ಉಸಿರು ಬಿಟ್ಟ ಹಾಗೆ. ಮೊದಲ ಸಲ ಏನೂ ಆಗಲಿಲ್ಲ ಅನಿಸುತ್ತದೆ. ಎರಡನೆಯದಕ್ಕೆ ಹೊಗೆ ಕೂತಂತೆ. ಮೂರನೆಯದಕ್ಕೆ ಇದ್ದಕ್ಕಿದ್ದಂತೆ ಚಮಚದೊಳಗೆ ನನ್ನ ಮೂಗು ತಲೆಕೆಳಗಾಗಿ ಮೂಡಿತು! ಅಲ್ಲಿಗೆ ಕೈ ನಿಲ್ಲಿಸಬೇಕಿತ್ತು. ಇನ್ನೊಂಚೂರು ಅಂತ ಹೊಡೆದೆ. ಮೂಗು ಮಾಯ, ಚಮಚ ನಮ್ಮನೆ ಹಳೇ ಅಲ್ಯೂಮಿನಿಯಂ ಚೊಂಬಿನ ಬಣ್ಣಕ್ಕೆ ತಿರುಗಿತು.

ಕಾರಿನ ಮುಂಬದಿಯ ಬಂಪರ್ ಚೆನ್ನಾಗೇ ಬಂತು. ಸುಮ್ಮನಿರಲಾರದೆ, ಬೆರಳಚ್ಚು ಬೀಳಬಾರದು ಅಂತ ಮೇಲೆ ಕ್ಲಿಯರ್ ಲ್ಯಾಕರ್ ಹೊಡೆದೆ. ಕಣ್ಣೆದುರೇ ಹೊಳಪು ಸತ್ತಿತು. ಮತ್ತೆ ಮೊದಲಿಂದ ಶುರು. ಈಗ ಹಲ್ಲುಕಡ್ಡಿಗೆ ಅಂಟಿಸಿಕೊಂಡು ಹಿಡಿಯುತ್ತೇನೆ, ಬೆರಳು ತಾಗಿಸುವುದೇ ಇಲ್ಲ. ಬಾಗಿಲ ಹಿಡಿಯಂಥ ಚಿಲ್ಲರೆ ಕೆಲಸಕ್ಕೆ ಕ್ರೋಮ್ ಶಾಯಿಯ ಮೊಲೊಟೊವ್ ಪೆನ್ನು ಸಾಕು, ಒಣಗಲು ದಿನಗಟ್ಟಲೆ ಬಿಡುವ ತಾಳ್ಮೆ ಇದ್ದರೆ. ಕಿಟಕಿ ಸುತ್ತಿನ ಪಟ್ಟಿಗೆ ಬೇರ್ ಮೆಟಲ್ ಫಾಯಿಲ್, ಅಂದರೆ ಅಂಟಿಸುವ ತೆಳು ಲೋಹದ ಹಾಳೆ.

ಒಂದು ಮಾತ್ರ ಕ್ರೋಮ್ ಮಾಡುತ್ತಿಲ್ಲ. ಬೆಲ್ ಏರ್‌ನ ಹಿಂಬದಿ ಪಕ್ಕದಲ್ಲಿ ಉದ್ದಕ್ಕೂ ಗೀರುಗೀರಾದ ಒಂದು ಪಟ್ಟಿ ಇದೆಯಲ್ಲ, ಅಸಲಿ ಕಾರಿನಲ್ಲಿ ಅದು ಅಲ್ಯೂಮಿನಿಯಂ. ಅದಕ್ಕೆ ಆ ಕೆಟ್ಟುಹೋದ ಚಮಚದ ಬಣ್ಣವೇ ಸರಿ. ಚಮಚ ಎತ್ತಿಟ್ಟಿದ್ದೇನೆ. ಹಿಂಬದಿಯ ಬಂಪರ್ ಮಾತ್ರ ಮಳೆ ನಿಂತ ಮೇಲೆ. ಈ ತೇವದಲ್ಲಿ ಕ್ರೋಮ್ ಲ್ಯಾಕರ್ ಹೊಡೆದರೆ ಮಂಜು ಕವಿದ ಹಾಗೆ ಬೆಳ್ಳಗಾಗುತ್ತದೆ.