ಬುಧವಾರದ ಡಬ್ಬಿ

ನಮ್ಮ ಬೀದಿಯಲ್ಲಿ ಬುಧವಾರ ಬೆಳಿಗ್ಗೆ ಅಂದರೆ ಸಂಘದ ಮೀಟಿಂಗ್. ಎಂಟು ಗಂಟೆಗೆ ಹತ್ತು ಜನ ಹೆಂಗಸರು ಜಗಲಿ ಮೇಲೆ ಕೂರಬೇಕು, ಫೈನಾನ್ಸಿನ ಹುಡುಗ ಬಂದು ಕಂತು ಎಣಿಸಿಕೊಳ್ಳಬೇಕು. ಒಬ್ಬರು ಕಟ್ಟದಿದ್ದರೆ ಉಳಿದವರು ಸೇರಿ ತುಂಬಬೇಕು. ಅಲ್ಲೀತನಕ ಯಾರೂ ಏಳೋ ಹಾಗಿಲ್ಲ. ಹೊಲಿಗೆ ಮೆಷಿನ್ನಿಗೆ ಅಂತ ಸಾಲ ತೆಗೆದು ನಾನೂ ಎರಡು ವರ್ಷ ವಾರಕ್ಕೆ 420 ರೂಪಾಯಿ ಕಟ್ಟಿದ್ದೆ. ಒಂದು ವಾರ ಮಗಳಿಗೆ ಜ್ವರ, ಕೈಯಲ್ಲಿ ದುಡ್ಡಿರಲಿಲ್ಲ. ಪಕ್ಕದ ಮನೆಯವರು ನನ್ನ ಕಂತು ಹಾಕಿದರು. ಆಮೇಲೆ ಒಂದು ತಿಂಗಳು ನನ್ನ ಮುಖ ನೋಡಲಿಲ್ಲ.

ಹಾಗಾಗಿ ನಾನು ಡಿಗ್ರಿ ಮಾಡ್ತೀನಿ ಅಂದಾಗ ತಮ್ಮ, "ಅಕ್ಕ, ಸಂಘದಲ್ಲಿ ಇನ್ನೊಂದು ಸಾಲ ತಗೊ, ಕೊಡ್ತಾರೆ" ಅಂದದ್ದು ನನಗೆ ಸರಿ ಬರಲಿಲ್ಲ. ಕೊಡ್ತಾರೆ, ಅದೇ ತೊಂದರೆ.

ಸೆಕೆಂಡ್ ಪಿಯುಸಿ ಮುಗಿದದ್ದು 2002ರಲ್ಲಿ. ಅದೇ ವರ್ಷ ಮದುವೆಯಾಗಿ ಚನ್ನರಾಯಪಟ್ಟಣಕ್ಕೆ ಬಂದೆ. ಬಿ.ಎ.ಗೆ ಸೇರಿದ್ದು 2021ರಲ್ಲಿ, ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ. ವಯಸ್ಸು ಮೂವತ್ತೇಳು. ಮುಕ್ತ ವಿವಿ ಇರೋದು ಮೈಸೂರಿನಲ್ಲಾದರೂ ಹಾಸನದಲ್ಲೇ ಪ್ರಾದೇಶಿಕ ಕೇಂದ್ರ ಇದೆ. ಕನ್ನಡದಲ್ಲೇ ಪರೀಕ್ಷೆ ಬರೆಯಬಹುದು. ಅದಕ್ಕಿಂತ ಮುಖ್ಯ, ಮೂರು ವರ್ಷದ ಡಿಗ್ರಿಯನ್ನು ಆರು ವರ್ಷದೊಳಗೆ ಮುಗಿಸಿದರೂ ಆಯಿತು. ಆಗ ಇದು ಅಷ್ಟು ದೊಡ್ಡ ವಿಷಯ ಅನ್ನಿಸಿರಲಿಲ್ಲ.

ದುಡ್ಡು? ಅಷ್ಟರಲ್ಲಿ ಮೆಷಿನ್ ಸಾಲ ತೀರಿತ್ತು. ಆದರೆ ಬುಧವಾರ ಬಂದರೆ ಕೈ ತಾನಾಗೇ ಪರ್ಸಿಗೆ ಹೋಗುತ್ತಿತ್ತು. ಸರಿ, ಕಂತು ನಿಲ್ಲಿಸೋದು ಬೇಡ, ನನಗೇ ಕಟ್ಟಿಕೊಳ್ಳೋಣ ಅಂತ ಹಳೇ ಹಾರ್ಲಿಕ್ಸ್ ಡಬ್ಬಿ ತೊಳೆದಿಟ್ಟೆ. ವಾರಕ್ಕೆ 250 ರೂಪಾಯಿ. ಅಂದರೆ ಒಂದು ಕುಚ್ಚು.

ಸೀರೆಗೆ ಕುಚ್ಚು ಕಟ್ಟೋದು ನನ್ನ ಕೆಲಸ. ಸೆರಗಿನ ಅಂಚಿಗೆ ಸೂಜಿಯಲ್ಲಿ ರೇಷ್ಮೆ ದಾರದ ಎಳೆ ಪೋಣಿಸಿ, ಮಡಚಿ, ಕುತ್ತಿಗೆಗೆ ಜರಿ ದಾರ ಬಿಗಿಯಾಗಿ ಸುತ್ತಿ ಗಂಟು ಹಾಕಬೇಕು. ಒಂದು ಸೆರಗಿಗೆ ಐವತ್ತು ಅರವತ್ತು ಗಂಟು. ಕೊನೆಗೆ ಎಲ್ಲದರ ತುದಿ ಒಂದೇ ಸಮ ಕತ್ತರಿಸಬೇಕು. ಒಂದು ಮೋಟಾದರೆ ಇಡೀ ಸೆರಗು ಹಲ್ಲು ಬಿದ್ದ ಬಾಯಿ ಥರ ಕಾಣುತ್ತೆ. ಸಾದಾ ಕುಚ್ಚಿಗೆ 250, ಮಣಿ ಹಾಕಿದರೆ ಜಾಸ್ತಿ. ಆ ಕೆಲಸ ಮಾಡುವಾಗ ಕಣ್ಣು, ಕೈ ಎರಡೂ ಪುಸ್ತಕಕ್ಕೆ ಸಿಗುವುದಿಲ್ಲ. ಅದಕ್ಕೆ ರಾತ್ರಿ ಇತಿಹಾಸದ ಪಾಠ ನಾನೇ ಜೋರಾಗಿ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟು ಹಗಲು ಕೇಳುತ್ತಿದ್ದೆ. ಹೊಯ್ಸಳರ ಮಧ್ಯೆ ನಮ್ಮ ಕುಕ್ಕರ್ ಮೂರು ಸಲ ಕೂಗುತ್ತೆ.

ವರ್ಷದ ಫೀಸು, ಪರೀಕ್ಷೆ ಫೀಸು ಎಲ್ಲ ಸೇರಿ ನಲವತ್ತು ಕುಚ್ಚಿನ ಒಳಗೇ ಆಗುತ್ತಿತ್ತು. ಲೆಕ್ಕ ಸರಿಯಾಗೇ ಇದೆ, ಅಲ್ವಾ? ಆದರೆ ನಾನು ಅಡ್ಮಿಷನ್ ಮಾಡಿಸೋ ಸಮಯಕ್ಕೆ ಸರಿಯಾಗಿ ಆಷಾಢ ಬರುತ್ತೆ. ಮದುವೆ ಇಲ್ಲ, ಸೀರೆ ಇಲ್ಲ, ಕುಚ್ಚೂ ಇಲ್ಲ. ಅದಕ್ಕೆ ಬೇಸಿಗೆ ಮದುವೆಗಳಲ್ಲಿ ವಾರಕ್ಕೆ ಎರಡು ಕಂತು ಹಾಕುತ್ತಿದ್ದೆ.

ಎರಡು ವರ್ಷದ ಫೀಸು ಹೀಗೇ ಕಟ್ಟಿದೆ. 2023ರಲ್ಲಿ ಅತ್ತೆಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಲೆನ್ಸು, ಔಷಧಿ, ಓಡಾಟ. ಡಬ್ಬಿ ಪೂರ್ತಿ ಖಾಲಿ. ಆ ವರ್ಷ ಫೀಸು ಕಟ್ಟಲಿಲ್ಲ. ಯಾರೂ ಜಗಲಿ ಮೇಲೆ ಬಂದು ಕೂರಲಿಲ್ಲ. ಆರು ವರ್ಷ ಅಂದರೆ ಏನು ಅಂತ ಅವತ್ತು ಗೊತ್ತಾಯಿತು.

ಅದೇ ವರ್ಷ ಜೂನ್ 11ಕ್ಕೆ ಬಸ್ಸು ಫ್ರೀ ಆಯಿತು. ಆಗಸ್ಟ್ ಕೊನೆಗೆ ಗೃಹಲಕ್ಷ್ಮಿ ಶುರುವಾಯಿತು. ನಮ್ಮ ರೇಷನ್ ಕಾರ್ಡಿನಲ್ಲಿ ಯಜಮಾನಿ ಅತ್ತೆ, ಹಾಗಾಗಿ ತಿಂಗಳ 2000 ಅವರ ಖಾತೆಗೇ. ನನಗೆ ಸ್ವಲ್ಪ ಹೊಟ್ಟೆ ಉರಿದದ್ದು ಸುಳ್ಳಲ್ಲ. ಎಲೆ ಅಡಿಕೆಗೇ ಎರಡು ಸಾವಿರಾನಾ ಅಂತ ಮಗಳ ಹತ್ತಿರ ಗೊಣಗಿದ್ದೆ.

ಮುಂದಿನ ಆಷಾಢದಲ್ಲಿ ಒಂದು ಮಧ್ಯಾಹ್ನ ಅತ್ತೆ ಸೊಂಟದ ಚೀಲ ಬಿಚ್ಚಿ ಐನೂರರ ನೋಟು ಒಂದೊಂದಾಗಿ ನನ್ನ ಮೆಷಿನ್ ಮೇಲೆ ಇಟ್ಟರು. ಹದಿನಾರು.

"ಕಣ್ಣಿಂದು ಕಣವ್ವ. ಸಾಲ ಇಟ್ಕಂಡು ಸಾಯ್ಬಾರ್ದು."

"ಅದು ಸಾಲ ಅಲ್ಲ ಅತ್ತೆ" ಅಂದೆ.

"ನೀನು ಡಬ್ಬಿ ಅಲ್ಲಾಡ್ಸಿ ನೋಡಿದ್ದು ನಂಗೆ ಕೇಳಿಸ್ತು. ಕಣ್ಣು ಮಂಜಾಗಿತ್ತೇ ಹೊರ್ತು ಕಿವಿಯಲ್ಲ."

ಎಲೆ ಅಡಿಕೆ ಮಾತು ಕೇಳಿಸಿತ್ತಾ ಅಂತ ನಾನು ಕೇಳಲಿಲ್ಲ.

ಆ ದುಡ್ಡಿನಲ್ಲಿ ಕೊನೇ ವರ್ಷದ ಫೀಸು ಕಟ್ಟಿದೆ. ಸಂಪರ್ಕ ತರಗತಿಗೆ ಹಾಸನಕ್ಕೆ ಹೋಗಿಬರೋದಕ್ಕೆ ಆಧಾರ್ ತೋರಿಸಿದರೆ ಸಾಕಿತ್ತು. ಮೊದಲು ಅದಕ್ಕೆ ಹೋಗುತ್ತಿದ್ದ ಬಸ್ ಚಾರ್ಜೂ ಡಬ್ಬಿಗೇ ಬಿತ್ತು.

ಈಗ ಎಲ್ಲ ಪಾಸು, ಇಂಗ್ಲಿಷ್ ಒಂದು ಬಿಟ್ಟು. ಅದನ್ನು ಮತ್ತೆ ಬರೆಯಬೇಕು, ಮತ್ತೆ ಪರೀಕ್ಷೆ ಫೀಸು. ನಾಳೆ ಬುಧವಾರ. ನವಿಲು ಹಸಿರು ಸೀರೆಯೊಂದು ಬಂದಿದೆ, ಆ ಬಣ್ಣದ ದಾರ ಎರಡು ಅಂಗಡಿಯಲ್ಲಿ ಹುಡುಕಿದರೂ ಸಿಕ್ಕಿಲ್ಲ.